ಪೈಪು ಒಡೆದದ್ದು ಯಾರು

ದುರುಗಮ್ಮ, ಆ ಬೇಸಿಗೆಯಲ್ಲಿ ನೀರಿನ ಪೈಪು ಒಡೆದವರು ನಿಮ್ಮ ಕಾಲೋನಿಯವರಲ್ಲ. ನನ್ನ ಗಂಡ. ಹೊಲ ಹೊಡೆಯುವಾಗ ಟ್ರ್ಯಾಕ್ಟರಿನ ನೇಗಿಲು ಸಿಕ್ಕಿ ಪೈಪು ಸೀಳಿತು — ಬುತ್ತಿ ತಂದು ಬದುವಿನ ಮೇಲೆ ನಿಂತಿದ್ದ ನಾನು ಕಣ್ಣಾರೆ ಕಂಡೆ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೆಂದು ಬಂದ ನೀವೆಲ್ಲ ನಮ್ಮೂರ ಪಕ್ಕದಲ್ಲಿ ತಗಡಿನ ಮನೆ ಹಾಕಿಕೊಂಡಿರಿ. ವರ್ಷವರ್ಷಕ್ಕೂ ಮನೆಗಳು ಹೆಚ್ಚಿದವು. ನೀರಿನ ಟ್ಯಾಂಕು ಮಾತ್ರ ಮೊದಲಿನದೇ. ಮೊದಮೊದಲು ನಾನೂ ನೀನೂ ನಲ್ಲಿಯ ಮುಂದೆ ಕೊಡ ಸಾಲಿಗಿಟ್ಟು, ಒಬ್ಬರ ತಲೆಯ ಹೇನು ಒಬ್ಬರು ನೋಡುತ್ತ ಕೂತವರು. ಆಮೇಲೆ ಸಾಲು ಉದ್ದವಾಯಿತು, ಮಾತು ಒರಟಾಯಿತು. "ಇವ್ರು ಬಂದ ಮ್ಯಾಲೆ ನಮಗ ನೀರಿಲ್ಲ" ಎಂದು ಊರವರು. "ನಾವೇನು ಮನುಷ್ಯರಲ್ಲೇನ್ರಿ" ಎಂದು ನಿಮ್ಮವರು.

ಪೈಪು ಒಡೆದ ಮರುದಿನ ಟ್ಯಾಂಕು ಬರಿದಾಯಿತು. ಯಾರು ಒಡೆದದ್ದೆಂದು ಊರ ಗಂಡಸರು ನಲ್ಲಿಯ ಬಳಿ ಕೂಗಾಡುತ್ತಿದ್ದರು. ನನ್ನ ಗಂಡ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ಎಲ್ಲಿ ಬಡಿಯುತ್ತಾರೋ ಎಂದು ನನಗೆ — ಇಲ್ಲ, ಅಷ್ಟೇ ಅಲ್ಲ. ಖಾಲಿ ಕೊಡ ಹೊತ್ತು ತಿರುಗಿ ತಿರುಗಿ ನನಗೂ ನಿಮ್ಮ ಮೇಲೆ ಸಿಟ್ಟಿತ್ತು. ಮಾತು ಸಲೀಸಾಗಿ ಬಂತು.

"ಕಾಲೋನಿಯವ್ರು ಪೈಪ್ ಒಡದು ನೀರು ಹಿಡಕೊಳ್ಳೋದು ನಾನು ನೋಡೀನ್ರಿ."

ಸಂಜೆಯೊಳಗೆ ಕಾಲೋನಿಯ ಮೇಲೆ ಕಲ್ಲು ಬಿದ್ದವು. ನಿಮ್ಮವರೂ ರಾಡು ಹಿಡಿದು ಬಂದರು. ಆಗಷ್ಟೇ ಶಿಫ್ಟ್ ಮುಗಿಸಿ ಬಸ್ಸಿನಿಂದ ಇಳಿದ ನಿನ್ನ ಗಂಡ ಈರಣ್ಣನಿಗೆ ಏನೂ ಗೊತ್ತಿರಲಿಲ್ಲ. "ಯಾಕ್ರಪಾ, ಏನಾತು" ಎಂದು ಕೇಳುತ್ತಿದ್ದನಂತೆ — ಕಲ್ಲು ಕಣ್ಣಿಗೇ ಬಡಿಯಿತು. ನೀನು ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಹೊಸಪೇಟೆಯ ಆಸ್ಪತ್ರೆಗೆ ಹೋದದ್ದನ್ನು ಬಾಗಿಲ ಸಂದಿಯಿಂದ ನೋಡಿದೆ. ಹೊರಗೆ ಬರಲಿಲ್ಲ. ಕಣ್ಣು ಹೋಯಿತು, ಕೆಲಸವೂ ಹೋಯಿತು. ನೀವು ಕಂಪ್ಲಿಗೆ ಹೋಗಿ ನೆಲೆಸಿದಿರಿ.

ಮೊನ್ನೆ ಹೊಸಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ನೀನೇ ಗುರುತು ಹಿಡಿದು ಕೈ ಹಿಡಿದುಕೊಂಡೆ.

"ಅಕ್ಕಾ, ಅರಾಮದೀರೇನ್ರಿ? ಆ ಊರಾಗ ನಮ್ಮನ್ನ ಮನುಷ್ಯರಂಗ ಕಂಡವ್ರು ನೀವೊಬ್ರೇ."

ಹೇಳಬೇಕೆಂದು ಬಾಯಿ ತೆರೆದೆ. ಬಸ್ಸು ಬಂತೆಂದು ಕೈ ಬಿಡಿಸಿಕೊಂಡು ಹತ್ತಿಬಿಟ್ಟೆ. ಅದು ನಮ್ಮೂರಿನ ಬಸ್ಸೂ ಅಲ್ಲ.

ಮನೆಯಲ್ಲಿ ಹೇಳಿದರೆ ಗಂಡ, "ಹಳೇದು ಯಾಕ ಕೆದಕ್ತಿ? ಜನ ಹೆಚ್ಚಿದ್ರು, ನೀರು ಕಮ್ಮಿ ಇತ್ತು, ಜಗಳ ಆತು" ಎಂದ. ಊರೆಲ್ಲ ಹೇಳುವುದೂ ಅದನ್ನೇ. ನೀರು ಕಮ್ಮಿಯಿದ್ದದ್ದು ನಿಜ. ಸುಳ್ಳು ಹೇಳಿದವಳು ನಾನು.

ಊರವರಿಗೆ ನಿನ್ನೆ ನಲ್ಲಿಯ ಹತ್ತಿರವೇ ನಿಂತು ಹೇಳಿದೆ. ಕೊಡ ಎತ್ತಿಕೊಂಡು ಒಬ್ಬೊಬ್ಬರೇ ಹೋದರು. ಈಗ ಕಂಪ್ಲಿಗೆ ಬರುತ್ತೇನೆ, ಈರಣ್ಣನ ಎದುರು ಹೇಳಲು. ನೀನು ಬಾಗಿಲು ಹಾಕಿಕೊಂಡರೆ, ಹೊರಗೆ ನಿಂತೇ ಹೇಳುತ್ತೇನೆ.