ಕಾಲಾಣೆಯ ಸಿಂಹ

ರೈಲ್ವೆಯಿಂದ ನಿವೃತ್ತರಾಗಿ ಕಲ್ಕತ್ತಾದ ಟಾಲಿಗಂಜ್‌ನಲ್ಲೇ ನೆಲೆಸಿದ ಧಾರವಾಡದ ಗಂಗಪ್ಪ ಹೂಗಾರರು ಹಳೆಯ ನಾಣ್ಯಗಳ ಮಹಾಪರೀಕ್ಷಕರು. ಹಾಗೆಂದು ಅವರೇ ಎಲ್ಲರಿಗೂ ಹೇಳಿದ್ದರು. ಪ್ರತಿ ಭಾನುವಾರ ಜಾದವ್‌ಪುರದ ಚಹಾದಂಗಡಿಯಲ್ಲಿ ಸೇರುವ ಸಂಗ್ರಾಹಕರ ನಾಣ್ಯಗಳನ್ನು ಮೂಗಿಗೆ ತಾಗಿಸಿ ನೋಡಿ ತೀರ್ಪು ಕೊಡುತ್ತಿದ್ದರು. ತಮ್ಮ ಬಳಿಯಿದ್ದ ಕಂಪನಿ ಕಾಲದ ತಾಮ್ರದ ಕಾಲಾಣೆಯಂತೂ ಟಂಕಸಾಲೆಯಿಂದ ನಿನ್ನೆ ಬಂದಂತಿದೆ, ಸಿಂಹದ ಜೂಲಿನ ಕೂದಲು ಎಣಿಸಬಹುದು ಎಂದು ಹತ್ತು ವರ್ಷದಿಂದ ಸಾರುತ್ತಿದ್ದರು.

ಕಳೆದ ಚಳಿಗಾಲ ಎರಡು ವಾರದ ಅಂತರದಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿದರು. ಪಟ್ಟಿ ಬಿಚ್ಚಿದ ದಿನವೇ ಕಾಲಾಣೆ ಹೊರತೆಗೆದರು. ಜೂಲು ಹಾಗಿರಲಿ, ಸಿಂಹವೇ ಇರಲಿಲ್ಲ. ಸವೆದ ತಾಮ್ರದ ಮೇಲೆ ಬೆಕ್ಕಿನಂಥ ಒಂದು ಉಬ್ಬಿತ್ತು.

"ಈ ಕಲ್ಕತ್ತಾದ ಹಸಿ ಹವಾ ನೋಡು, ಎರಡ ವಾರದಾಗ ನಾಣ್ಯಾ ತಿಂದ ಹಾಕೇತಿ!"

"ನಾಣ್ಯಾ ಮೊದಲಿಂದ ಹಂಗ ಐತ್ರಿ," ಎಂದರು ಹೆಂಡತಿ ನೀಲಮ್ಮ. "ನಿಮಗ ಈಗ ಕಣ್ಣ ಬಂದಾವು."

ತಾವು ಕೊಟ್ಟ ತೀರ್ಪುಗಳೆಲ್ಲ ನೆನಪಾಗಿ ಗಂಗಪ್ಪನವರಿಗೆ ಎರಡು ದಿನ ಊಟ ಸೇರಲಿಲ್ಲ. ತಪ್ಪು ಒಪ್ಪಿಕೊಳ್ಳಬಹುದಿತ್ತು, ಆದರೆ ಅಂಥ ಸುಲಭದ ದಾರಿ ತಜ್ಞರಿಗೆ ಒಗ್ಗುವುದಿಲ್ಲ.

ಭಾನುವಾರ ಹಳೆಯ ದಪ್ಪ ಕನ್ನಡಕವನ್ನೇ ಏರಿಸಿಕೊಂಡು, ಫುಟ್‌ಪಾತ್ ತಡವುತ್ತ ಹೋದರು. ಸಂಗ್ರಾಹಕ ನಿತಾಯ್ ಬಾಬು ಮುಂದಿಟ್ಟ ನಾಣ್ಯ ಮೊದಲಿನಂತೆಯೇ ಮಸುಕಾಗಿ ಕಂಡಿತು.

"ವಾಹ್ ದಾದಾ, ಏಕ್‌ದಮ್ ನಯಾ!"

ಹಿಗ್ಗಿದ ನಿತಾಯ್ ಬಾಬು ಎಲ್ಲರಿಗೂ ಸಂದೇಶ್ ಮಿಠಾಯಿ ತರಿಸಿ, ಆಪರೇಷನ್ ಹೇಗಾಯಿತೆಂದು ಕೇಳಿದರು.

"ಬಹುತ್ ಅಚ್ಛಾ," ಎನ್ನುತ್ತ ಗಂಗಪ್ಪನವರು ಮಿಠಾಯಿಗೆ ಕೈ ಚಾಚಿ, ಪಕ್ಕದವರ ಚಹಾದಲ್ಲಿ ಬೆರಳದ್ದಿದರು.