ಕನ್ಯಾಕುಮಾರಿ ಕಂಡ ಸೈಕಲ್

ಸೈಕಲ್ ಹತ್ತುವುದು ನನಗೆಂದೂ ಕಷ್ಟವಾಗಿಲ್ಲ. ನಮ್ಮ ಚನ್ನಗಿರಿ ಕಡೆ ಕಷ್ಟವಿರುವುದು ಇಳಿಯುವುದರಲ್ಲಿ. ಎದುರಿಗೆ ಹಿರಿಯರು ಬಂದರೆ ಇಳಿದು, ಕೈಮುಗಿದು, ನಾಲ್ಕು ಮಾತಾಡಿಯೇ ಮುಂದೆ ಹೋಗಬೇಕು. ತುಳಿಯುತ್ತಲೇ ಹೋದಿರೋ, ಸಂಜೆಯೊಳಗೆ ಸೊಕ್ಕಿನವನೆಂಬ ಹೆಸರು. ತುಳಿಯುವವನು ಮೇಷ್ಟ್ರಾದರಂತೂ ಮುಗಿದೇ ಹೋಯಿತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕೆರೆಬಿಳಚಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ, ಮನೆ ಚನ್ನಗಿರಿಯಲ್ಲಿ. ಲಕ್ವ ಹೊಡೆದು ಅಪ್ಪನ ಬಲಗೈ ಬಿದ್ದುಹೋಗಿತ್ತು. ಎಡಗೈಯಲ್ಲಿ ಉಣ್ಣಲು ಒಲ್ಲರು, ಸೊಸೆಯ ಕೈಯಿಂದ ತುತ್ತು ತಿನ್ನಲು ಸಂಕೋಚ. ನಾನೇ ಬಂದು ಉಣ್ಣಿಸಬೇಕು. ಬಸ್ಸೋ, ಬಂದರೆ ಬಂತು. ಎಷ್ಟೋ ಸಲ ಅವರು ಹಸಿದೇ ಮಲಗಿಬಿಟ್ಟಿರುತ್ತಿದ್ದರು. ಅಂಥ ರಾತ್ರಿ ನಾನೂ ಉಣ್ಣದೆ ಮಲಗುತ್ತಿದ್ದೆ.

ಆಗ ಬಟ್ಟೆ ಅಂಗಡಿಯ ಶಿವಣ್ಣ ತಮ್ಮ ಹಳೇ ಟೂರಿಂಗ್ ಸೈಕಲ್ ಮಾರುತ್ತಾರೆಂದು ತಿಳಿಯಿತು. ಬಾಗಿದ ಹ್ಯಾಂಡಲ್, ಗೇರು, ಎತ್ತರದ ಸೀಟು.

“ಕನ್ಯಾಕುಮಾರಿ ನೋಡ್ಕಂಡು ಬಂದೈತ್ರೀ ಇದು. ಕೆರೆಬಿಳಚಿ ಯಾವ ಲೆಕ್ಕ ಮೇಷ್ಟ್ರೇ?” ಎಂದರು.

ಕೂತು ನೋಡಿದೆ. ಬೆನ್ನು ಬಾಗಿ ಮುಖ ನೆಲಕ್ಕೆ! ಎದುರಿಗೆ ಬಂದವರ ಗುರುತು ಚಪ್ಪಲಿಯಿಂದಲೇ ಹಿಡಿಯಬೇಕು. ಪಂಚೆ ಉಟ್ಟು ಅದರಿಂದ ಇಳಿಯುವುದಂತೂ ದೊಡ್ಡ ಸಾಹಸ. ಕನ್ಯಾಕುಮಾರಿ ದಾರಿಯಲ್ಲಿ ಶಿವಣ್ಣನಿಗೆ ಪರಿಚಯದವರು ಯಾರಿದ್ದರು? ನನಗೆ ದಾರಿಯುದ್ದಕ್ಕೂ ಹಿರಿಯರೇ. ಬೇಕೋ ಬೇಡವೋ ಎಂದು ದಿನಗಟ್ಟಲೆ ತೂಗಿದೆ. ಕೊನೆಗೊಂದು ಸಂಜೆ, ಮುಚ್ಚಿಟ್ಟ ತಟ್ಟೆಯ ಪಕ್ಕದಲ್ಲೇ ಅಪ್ಪ ಕೂತಂತೆಯೇ ನಿದ್ದೆಹೋಗಿದ್ದರು. ಮರುದಿನ ಸೈಕಲ್ ಕೊಂಡೆ.

ಮೊದಮೊದಲು ಇಳಿದಿಳಿದೇ ಸುಸ್ತಾದೆ. ಬಸ್ಸೇ ವಾಸಿ ಅನ್ನಿಸಿತು. ಒಂದು ಸಂಜೆ ದಾರಿಬದಿಯ ಹೊಲದ ಬಸಪ್ಪಜ್ಜ ಕೇಳಿದರು: “ಏನ್ ಅವಸರ ಐತ್ರೀ ಮೇಷ್ಟ್ರೇ, ಹಿಂಗೆ ಏದುಸಿರು ಬಿಡಾಕೆ?”

“ಅಪ್ಪಗೆ ಉಣ್ಸಬೇಕು ಅಜ್ಜಾ,” ಎಂದೆ.

ಮರುದಿನ ನನ್ನ ಬೆಲ್ಲು ಕೇಳಿದ್ದೇ ತಡ, ಅಜ್ಜ ರಸ್ತೆಗೆ ಬೆನ್ನು ಹಾಕಿ ಹೊಲ ನೋಡುತ್ತ ನಿಂತರು. ಬೆನ್ನಿಗೆ ಕೈಮುಗಿಯಲು ಯಾರೂ ಇಳಿಯಬೇಕಾಗಿಲ್ಲವಲ್ಲ! ಕ್ರಮೇಣ ದಾರಿಯ ಹಿರಿಯರೆಲ್ಲ ಬೆಲ್ಲು ಕೇಳಿದೊಡನೆ ಬೇಲಿಯನ್ನೋ ಆಕಾಶವನ್ನೋ ನೋಡತೊಡಗಿದರು. ಅಷ್ಟು ಜನ ಬೆನ್ನು ತೋರಿಸಿ ಇನ್ನಾರಿಗೂ ಅಂಥ ಮರ್ಯಾದೆ ಕೊಟ್ಟಿರಲಾರರು. ಅಪ್ಪ ಕೊನೆಯವರೆಗೂ ಹೊತ್ತಿಗೆ ಸರಿಯಾಗಿ ಉಂಡರು.

ಅವರು ತೀರಿಕೊಂಡ ಮೇಲೆ ಮತ್ತೆ ಶಾಲೆಗೆ ಹೋದ ದಿನ, ಬರುವಾಗ ಅಭ್ಯಾಸದಂತೆ ಬೆಲ್ಲು ಬಾರಿಸಿದೆ. ಬಸಪ್ಪಜ್ಜ ಬೆನ್ನು ತಿರುಗಿಸಲಿಲ್ಲ. ರಸ್ತೆಗೆ ಮುಖ ಮಾಡಿ ನಿಂತೇ ಇದ್ದರು.

“ಇಳಿಯಪ್ಪಾ,” ಎಂದರು. “ಇನ್ನೇನ್ ಅವಸರ ಐತೆ?”

ಇಳಿದೆ. ಕತ್ತಲಾಗುವವರೆಗೂ ಇಬ್ಬರೂ ಅಲ್ಲೇ ಕೂತಿದ್ದೆವು.