ಸಭಿಕರು ಬಂದಿದ್ದಾರೆ

ನಮ್ಮ ಮಾವ ಒಬ್ಬರೇ ಒಂದು ಸಭೆ. ಇದು ಹೊಗಳಿಕೆಯಲ್ಲ, ಅವರ ಕೆಲಸವೇ ಅದು. ವಿಶ್ವವಿದ್ಯಾಲಯದ ಸಂಶೋಧನಾ ಕಟ್ಟಡದ ಸಭಾಂಗಣಕ್ಕೆ ಅವರು ಜವಾನರು. ಬೀಗ ತೆಗೆಯುವುದು, ಕುರ್ಚಿ ಒರೆಸುವುದು, ಮೈಕಿಗೆ ಎರಡು ಪೆಟ್ಟು ಕೊಟ್ಟು ಹಲೋ ಅನ್ನುವುದು, ಇಷ್ಟು ಸಂಬಳದ ಕೆಲಸ. ಇದರ ಮೇಲೆ ಸಂಬಳವಿಲ್ಲದ್ದು ಇನ್ನೊಂದಿದೆ. ಪಿಎಚ್‌ಡಿಗೆ ಓದಿದವರು ಕೊನೆಗೊಂದು ದಿನ ಎಲ್ಲರೆದುರು ನಿಂತು, ತಾವು ಕಂಡುಹಿಡಿದದ್ದನ್ನು ಹೇಳಿ, ಪರೀಕ್ಷಕರಿಗೆ ಉತ್ತರ ಕೊಡಬೇಕು. ಎಲ್ಲರೆದುರು ಎಂದು ನಿಯಮದಲ್ಲೇನೋ ಇದೆ, ಆ ಎಲ್ಲರೂ ಬರಬೇಕಲ್ಲ. ಇರುವೆ ಗೋಡೆಯ ಮೇಲೆ ಎಡಕ್ಕೆ ಯಾಕೆ ತಿರುಗುತ್ತದೆ ಎಂದು ಕೇಳಲು ಯಾರು ತಮ್ಮ ಕೆಲಸ ಬಿಟ್ಟು ಬರುತ್ತಾರೆ? ಅಧ್ಯಕ್ಷರು ಬಾಗಿಲಲ್ಲಿ ನಿಂತು, "ಸಭಿಕರು ಬಂದಿದ್ದಾರಾ?" ಎಂದು ಕೇಳುತ್ತಾರೆ. ಮಾವ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಕಿಟಕಿಗೆ ಸಿಕ್ಕಿಸಿ, ಮುಂದಿನ ಸಾಲಿನಲ್ಲಿ ಕೂತು, "ಬಂದಿದ್ದಾರೆ ಸರ್" ಎನ್ನುತ್ತಾರೆ. ಸುಳ್ಳಂತೂ ಅಲ್ಲ. ನಮ್ಮ ಭಾಷೆಯಲ್ಲಿ ಒಬ್ಬರಿಗೇ ಗೌರವ ಕೊಟ್ಟರೂ ಬಹುವಚನವೇ ತಾನೆ. ಹಾಗಾಗಿ ಆ ಕಟ್ಟಡದಲ್ಲಿ ಅವರ ಹೆಸರೇ ಸಭಿಕರು ಎಂದಾಗಿಬಿಟ್ಟಿದೆ.

ಹೀಗೆ ಕೂತೂ ಕೂತೂ ಅವರ ತಲೆ ಒಂದು ಗೋಣಿಚೀಲವಾಗಿದೆ. ಮೀನಿಗೆ ಕಿವಿ ಹೇಗೆ ಕೇಳಿಸುತ್ತದೆ, ಸೇತುವೆಯಲ್ಲಿ ಬಿರುಕು ಎಲ್ಲಿಂದ ಶುರುವಾಗುತ್ತದೆ, ಹಳೆಯ ರಾಜರು ಉಪ್ಪಿಗೆ ಎಷ್ಟು ತೆರಿಗೆ ಹಾಕಿದರು, ಲಿಫ್ಟ್ ತಡವಾದರೆ ಜನ ಗುಂಡಿಯನ್ನು ಯಾಕೆ ಮತ್ತೆ ಮತ್ತೆ ಒತ್ತುತ್ತಾರೆ, ಎಲ್ಲವೂ ಅದರೊಳಗಿದೆ. ತೊಂದರೆ ಏನೆಂದರೆ ಅವರು ಭಾಷಣದ ನಡುವೆ ಸ್ವಲ್ಪ ಕಣ್ಣು ಮುಚ್ಚುತ್ತಾರೆ. ಬೆಳಗಿನ ಮೀನು ಮಧ್ಯಾಹ್ನದ ರಾಜನ ಜೊತೆ ಬೆರೆತುಹೋಗುತ್ತದೆ. "ಹಿಂದೆಲ್ಲ ಮೀನಿನ ಕಿವಿಗೂ ತೆರಿಗೆ ಇತ್ತಂತೆ" ಎಂದು ಊಟಕ್ಕೆ ಕೂತಾಗ ಹೇಳುತ್ತಾರೆ. ಒಮ್ಮೆ ಹಾಲು ಉಕ್ಕಿ ಒಲೆಯೆಲ್ಲ ಹಾಳಾಗಿ ನಾನು ಬಟ್ಟೆ ಹುಡುಕುತ್ತಿದ್ದರೆ, ಅಡುಗೆಮನೆಯ ಬಾಗಿಲಲ್ಲಿ ನಿಂತು, "ಉಕ್ಕೋದರ ಬಗ್ಗೆ ಒಬ್ಬ ಹುಡುಗ ಐದು ವರ್ಷ ಓದಿದ್ದಾನಮ್ಮ" ಎಂದರು. ನಾನು ಸೊಸೆ, ಬಾಯಿ ಮುಚ್ಚಿಕೊಂಡಿರಬೇಕಾದವಳು. "ಒರೆಸೋದರ ಬಗ್ಗೆ ಯಾರೂ ಓದ್ಲಿಲ್ವಾ ಮಾವ?" ಎಂದು ಕೇಳಿಯೇಬಿಟ್ಟೆ.

ಮನೆಯಲ್ಲಿ ಅವರ ಸಂಶೋಧನೆಗೆ ಸೊಪ್ಪು ಹಾಕದವರೆಂದರೆ ಅತ್ತೆ. ಅತ್ತೆಯ ಬಲ ಮೊಣಕಾಲು ಸವೆದುಹೋಗಿತ್ತು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸವೆದ ಕೀಲು ತೆಗೆದು ಹೊಸದು ಕೂರಿಸಬೇಕು, ತಡ ಮಾಡಿದರೆ ಹಾಸಿಗೆ ಹಿಡಿಯುತ್ತೀರಿ ಎಂದು ನೇರವಾಗಿಯೇ ಹೇಳಿದ್ದರು. ಅತ್ತೆಯದು ಒಂದೇ ಪಟ್ಟು. "ನನ್ನ ಮೊಣಗಾಲು ನನ್ನದು. ಬೇರೆ ಏನೋ ಕೂರಿಸಿಕೊಂಡ್ರೆ ಆಮೇಲೆ ನಡೆಯೋದು ನಾನಾ, ಅದಾ?" ಅತ್ತೆ ಯಾವಾಗಲೂ ಮೊಣಗಾಲು ಎಂದೇ ಹೇಳುವುದು. ಮದುವೆಯಾದ ಹೊಸದರಲ್ಲಿ ನಾನು ಮೊಣಕಾಲು ಎಂದು ತಿದ್ದಲು ಹೋಗಿ, "ನಿಮ್ಮಮ್ಮ ನಿನಗೆ ಹಾಗೆ ಕಲಿಸಿದಾಳೆ, ನಮ್ಮಮ್ಮ ನನಗೆ ಹೀಗೆ" ಎನ್ನಿಸಿಕೊಂಡಿದ್ದೆ.

ನಮ್ಮದು ಮಹಡಿಯ ಮನೆ. ಅತ್ತೆ ಮೊದಲು ಮೆಟ್ಟಿಲಿಳಿಯುವುದನ್ನು ಬಿಟ್ಟರು. ಬೀದಿಯ ಕೊನೆಯಲ್ಲಿರುವ ತಂಗಿಯ ಮನೆ ತಪ್ಪಿತು. ಆಮೇಲೆ ಕಿಟಕಿಯ ಪಕ್ಕದ ಕುರ್ಚಿಯೇ ಅವರ ಊರಾಯಿತು. ನನ್ನ ಹೊಲಿಗೆ ಮೆಷಿನ್ನೂ ಅದೇ ಕಿಟಕಿಯ ಬಳಿ ಇದೆ. ನನ್ನ ಹೊಲಿಗೆ ಸೊಟ್ಟಗಾದರೆ ಹತ್ತು ಮಾತಾಡುತ್ತಿದ್ದ ಹೆಂಗಸು ಒಂದು ದಿನ ಸೊಟ್ಟ ಹೊಲಿಗೆಯನ್ನು ನೋಡಿಯೂ ಸುಮ್ಮನೆ ಕೂತಿದ್ದರು. ಅಂದು ನನಗೆ ನಿಜವಾಗಿ ಭಯವಾಯಿತು. ಅತ್ತೆ ನನಗೆ ಬೇಕು. ಅವರಿಲ್ಲದೆ ನಾನು ಯಾರ ಹತ್ತಿರ ಜಗಳ ಆಡಲಿ? ನನ್ನ ಗಂಡನೋ, ಎರಡು ಮಾತಿಗೇ ಚಪ್ಪಲಿ ಮೆಟ್ಟಿಕೊಂಡು ಹೊರಡುವವರು.

ಇಂಥ ಹೊತ್ತಿನಲ್ಲಿ ಮಾವ ಒಂದು ಸಂಜೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು.

"ಬಂತು ನೋಡು, ನಿನ್ನ ಕಾಲಿನ ವಿಷಯ. ನಾಳೆ ನಮ್ಮ ಹಾಲ್‌ನಲ್ಲೇ. ಒಬ್ಬ ಹುಡುಗಿ ಆರು ವರ್ಷ ಅದನ್ನೇ ಓದಿದಾಳೆ."

"ನನ್ನ ಕಾಲನ್ನಾ?" ಎಂದರು ಅತ್ತೆ.

"ಎಲ್ಲರದೂ ಕಣೇ. ಏನು ಸವೆಯುತ್ತೆ, ಏನು ತುಂಬಿಕೊಳ್ಳುತ್ತೆ, ಬದಲಾಯಿಸಿದ್ರೆ ಏನಾಗುತ್ತೆ, ಎಲ್ಲ ಇದೆಯಂತೆ. ನೀನು ಬಾ. ಕೇಳು. ಆಮೇಲೂ ಬೇಡ ಅಂದ್ರೆ ನಾನು ಆ ಮಾತೇ ಎತ್ತಲ್ಲ."

ಇಷ್ಟು ವರ್ಷದಲ್ಲಿ ಮಾವ ಅತ್ತೆಯನ್ನು ಆ ಹಾಲ್‌ಗೆ ಒಮ್ಮೆಯೂ ಕರೆದಿರಲಿಲ್ಲ. "ಆಯ್ತು" ಎಂದರು ಅತ್ತೆ.

ಮಾವ ಅಷ್ಟಕ್ಕೇ ನಿಲ್ಲಲಿಲ್ಲ. ಮಂಡಿನೋವಿನವರು ಯಾರ್ಯಾರಿದ್ದಾರೋ ಎಲ್ಲರ ಬಾಗಿಲನ್ನೂ ತಟ್ಟಿದರು. ಮರುದಿನ ನನ್ನ ಗಂಡ ಮತ್ತು ಮನೆಗೆ ಹಾಲು ಹಾಕುವವನು ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದರು. ಅತ್ತೆ ದಾರಿಯುದ್ದಕ್ಕೂ ಇಬ್ಬರನ್ನೂ ಬೈದರು, ಒಬ್ಬ ಎತ್ತರ ಒಬ್ಬ ಗಿಡ್ಡ ಎಂಬ ಕಾರಣಕ್ಕೆ. ಸಭಾಂಗಣಕ್ಕೆ ಹೋದರೆ ಬೀದಿಗೆ ಬೀದಿಯೇ ಬಂದಿದೆ. ನಿವೃತ್ತ ಪೋಸ್ಟ್‌ಮ್ಯಾನ್ ಎರಡು ಕಾಲಿಗೂ ಪಟ್ಟಿ ಸುತ್ತಿಕೊಂಡು ಕೂತಿದ್ದಾರೆ, ಹಿಟ್ಟಿನ ಗಿರಣಿಯ ಅಜ್ಜಿ ಊರುಗೋಲನ್ನು ಮುಂದಿನ ಕುರ್ಚಿಗೆ ನೇತುಹಾಕಿದ್ದಾರೆ. ನೋವಿನ ಎಣ್ಣೆಯ ವಾಸನೆ ವೇದಿಕೆಯ ತನಕ ಹರಡಿತ್ತು. ಆ ಸಂಶೋಧಕಿ ಹುಡುಗಿ ಒಳಗೆ ಬಂದವಳು ತುಂಬಿದ ಹಾಲ್ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಖಾಲಿ ಕುರ್ಚಿಗಳಿಗೆ ಮಾತಾಡಲು ತಯಾರಾಗಿ ಬಂದವಳಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ನಾನು ಆಗ ಗೋಡೆಗೆ ಅಂಟಿಸಿದ್ದ ಕಾಗದ ಓದಿದೆ. "ಸಂಧಿಗಳಲ್ಲಿ ಲೋಪ, ಆಗಮ, ಆದೇಶ: ಒಂದು ಸಮಗ್ರ ಅಧ್ಯಯನ."

ಇದು ವ್ಯಾಕರಣ. ಒಂದು ಪದ ಇನ್ನೊಂದರ ಜೊತೆ ಕೂಡುವಾಗ ಅಕ್ಷರಗಳಿಗೆ ಏನಾಗುತ್ತದೆ ಎನ್ನುವ ವ್ಯಾಕರಣದ ಸಂಧಿ, ನಾನು ಶಾಲೆಯಲ್ಲಿ ಬೆಂಚಿನ ಮೇಲೆ ನಿಂತು ಕಲಿತದ್ದು. ಮಾವ ಆ ಪಾಠ ಬರುವ ಮೊದಲೇ ಶಾಲೆ ಬಿಟ್ಟವರು. ಅವರಿಗೆ ಗೊತ್ತಿದ್ದ ಸಂಧಿ ಅತ್ತೆಯ ಎಣ್ಣೆ ಸೀಸೆಯ ಮೇಲಿದ್ದ ಸಂಧಿವಾತ ಒಂದೇ. ಕನ್ನಡ ವಿಭಾಗದವರು ತಮ್ಮ ಕೋಣೆ ಸೋರುತ್ತದೆ ಎಂದು ಮೊದಲ ಬಾರಿಗೆ ಈ ಹಾಲ್‌ಗೆ ಬಂದಿದ್ದರು. ನಾನು ಮಾವನ ಕಡೆ ತಿರುಗಿದೆ. ಅವರು ಮುಂದಿನ ಸಾಲಿನಲ್ಲಿ ಅತ್ತೆಯ ಪಕ್ಕ ಕೂತು, ಎಷ್ಟು ಹೆಮ್ಮೆಯಿಂದ ನಗುತ್ತಿದ್ದರೆಂದರೆ ನಾನು ಆ ಕಾಗದಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟೆ.

ಹುಡುಗಿ ಶುರುಮಾಡಿದಳು. "ಸಂಧಿ ಎಂದರೆ ಎರಡು ಕೂಡುವ ಜಾಗ. ಕೂಡುವ ಜಾಗದಲ್ಲಿ ಯಾವಾಗಲೂ ಏನಾದರೊಂದು ನಡೆಯುತ್ತದೆ."

ಸಭೆಯೆಲ್ಲ ತಲೆಯಾಡಿಸಿತು.

"ಮೊದಲನೆಯದು ಲೋಪ. ಕೂಡುವಾಗ ಮೊದಲನೆಯದರ ತುದಿ ಇಲ್ಲವಾಗುತ್ತದೆ."

"ಸವೆದುಹೋಗುತ್ತೆ. ಡಾಕ್ಟರೂ ಅದನ್ನೇ ಹೇಳಿದ್ದು" ಎಂದರು ಪೋಸ್ಟ್‌ಮ್ಯಾನ್.

"ಎರಡನೆಯದು ಆಗಮ. ಎರಡರ ನಡುವೆ ಇಲ್ಲದ್ದೊಂದು ಹೊಸದಾಗಿ ಬಂದು ಸೇರುತ್ತದೆ."

"ನೀರು" ಎಂದರು ಗಿರಣಿಯ ಅಜ್ಜಿ. "ನನಗೆ ಸೂಜಿ ಹಾಕಿ ತೆಗೆದ್ರು."

ಹುಡುಗಿ, "ಯಕಾರ ಅಥವಾ ವಕಾರ" ಎಂದು ಮೆಲ್ಲಗೆ ತಿದ್ದಿದಳು. ಅಜ್ಜಿ, ಇರಬಹುದು, ಡಾಕ್ಟರು ಹೆಸರು ಹೇಳಿರಲಿಲ್ಲ ಎಂಬಂತೆ ಒಪ್ಪಿಕೊಂಡರು. ನಾನು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡೆ. ಕೆಲವು ಕಡೆ ಸಂಧಿ ಆಗುವುದೇ ಇಲ್ಲ, ಉದಾಹರಣೆಗೆ, 'ಅಯ್ಯೋ ಇದೇನು' ಎಂದು ಅವಳು ಹೇಳಿದಾಗ ಇಡೀ ಸಭೆ ಒಳಗಿನಿಂದ ಹೂಂಗುಟ್ಟಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದು, ವ್ಯಾಕರಣಕ್ಕೆ ಇಷ್ಟು ಕರಗುವ ಜನ ಯಾವ ಊರಿನವರಪ್ಪ ಎಂಬಂತೆ ನೋಡಿದರು.

ಕೊನೆಯದು ಆದೇಶ. ಒಂದು ಅಕ್ಷರ ಹೋಗಿ ಅದರ ಜಾಗಕ್ಕೆ ಇನ್ನೊಂದು ಬರುವುದು. ಮಾವ ಅತ್ತೆಯ ಕೈ ತಿವಿದರು. ಭಾಷಣ ಮುಗಿದು, ಪ್ರಶ್ನೆ ಇದ್ದರೆ ಕೇಳಬಹುದು ಎಂದು ಅಧ್ಯಕ್ಷರು ಹೇಳಿದ್ದೇ ತಡ, ಅತ್ತೆ ಕೈಯೆತ್ತಿದರು.

"ಅದೇನೋ ಬದಲಾಯಿಸೋದು ಹೇಳಿದ್ಯಲ್ಲಮ್ಮ, ಆದೇಶ. ಅದು ಮೊಣಕಾಲಲ್ಲಿ ಆಗುತ್ತಾ?"

ಅತ್ತೆ ಸಭೆಯೆಂದು ಪುಸ್ತಕದ ಮಾತನ್ನೇ ಆಡಿದ್ದರು. ಹುಡುಗಿಯ ಮುಖ ಅರಳಿತು. ಆರು ವರ್ಷದಲ್ಲಿ ಯಾರೂ ಅವಳನ್ನು ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲವೇನೋ.

"ಮುಂಗಾಲಲ್ಲಿ ಆಗುತ್ತೆ ಅಮ್ಮ, ಹಿಂಗಾಲಲ್ಲಿ ಆಗುತ್ತೆ. ಕ ಹೋಗಿ ಗ ಬರುತ್ತೆ. ಅಂಗಾಲಲ್ಲೂ ಆಗುತ್ತೆ. ಮೊಣಕಾಲಲ್ಲಿ ಮಾತ್ರ ಆಗಲ್ಲ. ಇದ್ದದ್ದು ಹಾಗೇ ಉಳಿಯುತ್ತೆ."

ಮಾವನ ಮುಖ ಇಳಿದುಹೋಯಿತು. ಅವರೇ ಕರೆತಂದ ಸಂಶೋಧನೆ, ಅವರದೇ ಹಾಲ್, ಮೈಕನ್ನು ಸರಿಮಾಡಿದವರೂ ಅವರೇ. ಅತ್ತೆ ಗೆದ್ದೆ ಎನ್ನುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಮೆಲ್ಲಗೆ ಕೈ ಇಳಿಸಿದರು. ಆ ಕೈ ಇಳಿದ ರೀತಿ ನನಗೆ ನೋಡಲಾಗಲಿಲ್ಲ. ಸಿಟ್ಟು ನೆತ್ತಿಗೇರಿ ಎದ್ದುನಿಂತೆ.

"ಯಾಕಾಗಲ್ಲ? ನಮ್ಮತ್ತೆಗೆ ಯಾವಾಗಲೋ ಆಗಿದೆ. ಮನೇಲಿ ಹೇಳೋ ಹಾಗೆ ಹೇಳಿ ಅತ್ತೆ."

"ಏನು ಹೇಳ್ಲಿ?"

"ಎಲ್ಲಿ ನೋವು ಅಂತ ಹೇಳಿ."

"ಇನ್ನೆಲ್ಲಿ, ಮೊಣಗಾಲು" ಎಂದರು ಅತ್ತೆ.

ಹುಡುಗಿ ವೇದಿಕೆಯಿಂದ ಧಡಧಡ ಇಳಿದು ಬಂದು ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವಳ ಫೋನು ಅತ್ತೆಯ ಬಾಯಿಯ ಹತ್ತಿರ ಬಂತು. "ಇನ್ನೊಂದ್ಸಲ ಹೇಳಿ ಅಮ್ಮ. ಚಿಕ್ಕಂದಿನಿಂದಲೂ ಹಾಗೇ ಹೇಳ್ತೀರಾ?"

"ನಾನೂ ಅಷ್ಟೆ, ನಮ್ಮಮ್ಮನೂ ಅಷ್ಟೆ."

"ಹಾಗಾದ್ರೆ ನಾನು ಹೇಳಿದ್ದು ತಪ್ಪು. ನಿಮ್ಮಲ್ಲಿ ಆದೇಶ ಆಗಿದೆ. ಹಳೇದು ಹೋಗಿ ಹೊಸದು ಬಂದು ಕೂತಿದೆ, ನಿಮಗೆ ಗೊತ್ತೇ ಆಗಿಲ್ಲ."

"ಆದ್ರೂ ಕಾಲು ನನ್ನದೇ ತಾನೆ?" ಎಂದರು ಅತ್ತೆ.

"ಇನ್ಯಾರದು ಅಮ್ಮ? ಕಾಲು ಕಾಲೇ. ಅರ್ಥ ಒಂದಿಷ್ಟೂ ಬದಲಾಗಲ್ಲ."

ಪರೀಕ್ಷಕರು ಈ ರೂಪವನ್ನು ಪ್ರಬಂಧಕ್ಕೆ ಸೇರಿಸಿಕೊಳ್ಳಿ ಎಂದು ಹೇಳಿ ಹುಡುಗಿಯನ್ನು ಪಾಸು ಮಾಡಿದರು. ಪೋಸ್ಟ್‌ಮ್ಯಾನ್ ಯಾವ ಆಸ್ಪತ್ರೆ ಎಂದು ವಿಚಾರಿಸಿದರು. ಮನೆಗೆ ಬಂದ ಮೇಲೆ ಅತ್ತೆ ಕಿಟಕಿಯ ಬಳಿ ಕೂತು, "ನಾಳೆ ಡಾಕ್ಟರಿಗೆ ಫೋನ್ ಮಾಡು" ಎಂದರು. ಮಾವ ಕೆಳಗೆ ಹೋಗಿದ್ದರು. ನಾನು ತಡೆಯಲಾರದೆ, "ಅತ್ತೆ, ಅದು ವ್ಯಾಕರಣ" ಎಂದೆ.

"ಗೊತ್ತು ಕಣೇ. ವಕಾರ ಅಂದಾಗಲೇ ನೆನಪಾಯ್ತು, ನಾನೂ ಓದಿದ್ದೆ. ನಿಮ್ಮ ಮಾವನಿಗೆ ಹೇಳ್ಬೇಡ."

"ಮತ್ತೆ ಕಾಲಿನ ಮಾತು ಯಾಕೆ ಕೇಳಿದ್ರಿ?"

"ಯಾರಾದ್ರೂ ಆಗಲ್ಲ ಅಂದ್ರೆ ಸಾಕು, ಮನೇಲಿ ಇರ್ತೀನಿ ಅಂದ್ಕೊಂಡಿದ್ದೆ. ಆ ಹುಡುಗಿ ಆಗಲ್ಲ ಅಂದ್ಳು ನೋಡು, ಎದೆ ಧಸಕ್ ಅಂತು. ಅದು ಬರೀ ಅಕ್ಷರದ ಮಾತು ಅಂತ ಗೊತ್ತಿದ್ರೂ. ಆವಾಗಲೇ ನನಗೆ ತಿಳಿದಿದ್ದು, ನಡೀಬೇಕು ಅಂತ ಎಷ್ಟು ಆಸೆ ಇದೆ ಅಂತ." ನನ್ನ ಮೆಷಿನ್ ಕಡೆ ನೋಡಿ, "ಆ ತೋಳಿನ ಹೊಲಿಗೆ ಬಿಚ್ಚು, ಸೊಟ್ಟಗಿದೆ" ಎಂದರು. ನಾನು ಬಿಚ್ಚಿದೆ. ಕಣ್ಣು ಮಂಜಾಗಿ ಸ್ವಲ್ಪ ಬಟ್ಟೆಯೂ ಹರಿಯಿತು.

ಆಪರೇಷನ್ ಆಯಿತು. ಅತ್ತೆ ಡಾಕ್ಟರನ್ನು ಬೈದರು, ನಡೆಸಲು ಬಂದ ನರ್ಸನ್ನು ಬೈದರು, ಹೊಸ ಮಂಡಿಯನ್ನು ಹೆಸರಿಟ್ಟು ಬೈದರು. ಮೊನ್ನೆ ತಾವಾಗಿಯೇ ಮೆಟ್ಟಿಲಿಳಿದು, "ಬರ್ತೀನಿ ನಡೀರಿ" ಎಂದು ಮಾವನ ಹಿಂದೆ ಹೊರಟರು. ಅಂದು ಟೊಮೇಟೊ ಸಿಪ್ಪೆ ಯಾಕೆ ಬಿರಿಯುತ್ತದೆ ಎಂಬ ವಿಷಯ, ಹಾಲ್‌ನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ನಾನು ಬಾಗಿಲ ತನಕ ಹೋಗಿದ್ದೆ. ಅಧ್ಯಕ್ಷರು ಎಂದಿನಂತೆ, "ಸಭಿಕರು ಬಂದಿದ್ದಾರಾ?" ಎಂದರು. ಮಾವ ಪಕ್ಕಕ್ಕೆ ನೋಡಿದರು. ಅತ್ತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಾಲನ್ನು ನೀಟಾಗಿ ಮಡಿಸಿ ಕೂತಿದ್ದರು.

"ಬಂದಿದ್ದಾರೆ ಸರ್" ಎಂದರು ಮಾವ. ಜೀವಮಾನವಿಡೀ ಹೇಳಿದ ಮಾತು, ಅಂದು ಎರಡು ಸಲ ಹೇಳಿದರು.

ಸಂಜೆ ಇಬ್ಬರೂ ಮೆಟ್ಟಿಲು ಹತ್ತಿ ಬಂದರು. ಟೊಮೇಟೊ ಯಾಕೆ ಬಿರಿಯುತ್ತದೆ ಎಂದು ಕೇಳಿದೆ. ಲಿಫ್ಟಿನ ಗುಂಡಿಯನ್ನು ಜಾಸ್ತಿ ಒತ್ತಿದ್ದರಿಂದ ಎಂದರು ಅತ್ತೆ, ಮಾವ ಹೌದೆಂದು ತಲೆಯಾಡಿಸಿದರು. ನಡುವೆ ಇಬ್ಬರೂ ಕಣ್ಣು ಮುಚ್ಚಿದ್ದರೆಂದು ಕಾಣುತ್ತದೆ.